ಒಂದು ಗುಂಟೆ ನೆಲ, ಕೋಟಿ ಹೆಜ್ಜೆ

ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನ ಯಾವುದೋ ತೋಟದ ವಸ್ತಿಯ ಆರು ವರ್ಷದ ಹುಡುಗಿ ಒಂದು ಕಿಲೋಮೀಟರ್ ದೂರದ ಕಿರಿಯ ಪ್ರಾಥಮಿಕ ಶಾಲೆಗೆ ನಡೆದು ಹೋಗಿ ನಡೆದೇ ಬರುತ್ತಾಳೆ ಎಂದು ಹಿಡಿಯಿರಿ. ಒಂದರಿಂದ ಐದನೇ ಇಯತ್ತೆಯವರೆಗೆ ವರ್ಷಕ್ಕೆ ಕನಿಷ್ಠ 200 ದಿನ ಶಾಲೆ ನಡೆಯಬೇಕು ಎಂದು 2009ರ ಶಿಕ್ಷಣ ಹಕ್ಕು ಕಾಯ್ದೆ ಹೇಳುತ್ತದೆ. ದಿನಕ್ಕೆ ಎರಡು ಕಿಲೋಮೀಟರ್, 200 ದಿನ, ಐದು ವರ್ಷ. ಒಟ್ಟು 2,000 ಕಿ.ಮೀ. ಆರನೇ ಇಯತ್ತೆಗೆ ಬಂದ ಮೇಲೆ ಶಾಲೆ ಮೂರು ಕಿಲೋಮೀಟರ್‌ವರೆಗೂ ದೂರವಿರಬಹುದು, ನಿಯಮ ಅಷ್ಟಕ್ಕೆ ಒಪ್ಪುತ್ತದೆ. ಶಾಲಾ ದಿನಗಳೂ 220ಕ್ಕೆ ಏರುತ್ತವೆ. ಆರು, ಏಳು, ಎಂಟನೇ ಇಯತ್ತೆಯ ಮೂರು ವರ್ಷಗಳಲ್ಲಿ ಇನ್ನೂ 3,960 ಕಿ.ಮೀ. ಎರಡನ್ನೂ ಕೂಡಿಸಿದರೆ 5,960. ಭಾರತದ ಉತ್ತರ ತುದಿಯಿಂದ ದಕ್ಷಿಣ ತುದಿಗೆ ಇರುವ ದೂರ 3,214 ಕಿ.ಮೀ. ಅಂದರೆ ಈ ಹುಡುಗಿ ಪಾಟಿಚೀಲ ಹೊತ್ತುಕೊಂಡು ಕಾಶ್ಮೀರದಿಂದ ಕನ್ಯಾಕುಮಾರಿಗೆ ಹೋಗಿ ಹೆಚ್ಚುಕಡಿಮೆ ವಾಪಸ್ಸೇ ಬಂದಿರುತ್ತಾಳೆ. ಸಣ್ಣವಳಿದ್ದಾಗ ಕಿಲೋಮೀಟರಿಗೆ ಸುಮಾರು 2,000 ಹೆಜ್ಜೆ, ದೊಡ್ಡವಳಾದಂತೆ 1,650. ಆ ಲೆಕ್ಕದಲ್ಲಿ ಎಂಟು ವರ್ಷಕ್ಕೆ ಒಂದು ಕೋಟಿ ಐದು ಲಕ್ಷ ಹೆಜ್ಜೆ.

ಇದು ನಿಯಮ ಒಪ್ಪುವ ಗರಿಷ್ಠ ದೂರದ ಲೆಕ್ಕ. ಊರೊಳಗೇ ಶಾಲೆಯಿದ್ದರೆ ಇದರ ಮೂರರಲ್ಲೊಂದು ಪಾಲೂ ಆಗಲಿಕ್ಕಿಲ್ಲ. ಮನೆ ಬಾಗಿಲಿಗೆ ಟಂಟಂ ಅಥವಾ ಶಾಲೆಯ ವ್ಯಾನು ಬಂದು ನಿಂತರೆ ಸೊನ್ನೆ. ಕೋಟಿಗೂ ಸೊನ್ನೆಗೂ ನಡುವೆ ಇರುವುದು ದಿನಕ್ಕೆ ಸರಾಸರಿ ಒಂದು ತಾಸಿನಷ್ಟು ನಡಿಗೆ. ದಿನದ ಲೆಕ್ಕದಲ್ಲಿ ಕಣ್ಣಿಗೂ ಬೀಳದ ಈ ಒಂದು ತಾಸು ಎಂಟು ವರ್ಷಕ್ಕೆ ಏನಾಗುತ್ತದೆ ಎಂಬುದನ್ನು ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ತಂದೆತಾಯಂದಿರಿಗೂ ಮಾಸ್ತರರಿಗೂ ಅಂಕಿಯಲ್ಲೇ ತೋರಿಸಬೇಕು ಎಂಬುದು ನನ್ನ ಆಸೆ. ದೈಹಿಕ ಶಿಕ್ಷಣ ಎಂದರೆ ವೇಳಾಪಟ್ಟಿಯ ಕೊನೆಗೆ ತಗುಲಿಕೊಂಡಿರುವ ಒಂದು ಪಿರಿಯಡ್ಡು, ಗಣಿತದ ಪಾಠ ಹಿಂದೆ ಬಿದ್ದಾಗ ಕೊಡಬಹುದಾದ ಸಾಲ ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಆ ಪಿರಿಯಡ್ಡಿನ ಹಿಂದೆ ಎಷ್ಟು ದೊಡ್ಡ ಮೊತ್ತಗಳು ನಿಂತಿವೆ ಎಂದು ಯಾರೂ ಕೂಡಿಸಿ ನೋಡಿದಂತಿಲ್ಲ.

ಎದೆಯಿಂದಲೇ ಶುರು ಮಾಡೋಣ. ಎಂಟು ವರ್ಷದ ಮಗುವಿನ ಹೃದಯ ಅದರದೇ ಮುಷ್ಟಿಯಷ್ಟು. ನಿಮಿಷಕ್ಕೆ ಸುಮಾರು 90 ಬಡಿತ, ದಿನಕ್ಕೆ 1,29,600. ಪ್ರತಿ ಬಡಿತಕ್ಕೆ ಸುಮಾರು 40 ಮಿಲಿಲೀಟರ್ ರಕ್ತ ಮುಂದೆ ಹೋಗುತ್ತದೆ ಎಂದರೆ ಇಪ್ಪತ್ನಾಲ್ಕು ತಾಸಿನಲ್ಲಿ 5,000 ಲೀಟರಿಗೂ ಹೆಚ್ಚು. ಬೇಸಿಗೆಯಲ್ಲಿ ನಮ್ಮ ಊರುಗಳಿಗೆ ಟ್ರ್ಯಾಕ್ಟರು ಎಳೆದುತರುವ ನೀರಿನ ಟ್ಯಾಂಕರ್ ಇದೆಯಲ್ಲ, ಅದನ್ನು ಆ ಮುಷ್ಟಿಯಷ್ಟು ಮಾಂಸ ದಿನಕ್ಕೊಂದರಂತೆ ತುಂಬಿ ಖಾಲಿ ಮಾಡುತ್ತದೆ. ಮಗು ಓಡಲು ಶುರುವಿಟ್ಟರೆ ಈ ಹರಿವು ಎರಡು ಮೂರು ಪಟ್ಟು ಏರುತ್ತದೆ. ವರ್ಷಕ್ಕೆ ನಾಲ್ಕು ಕೋಟಿ ಎಪ್ಪತ್ತು ಲಕ್ಷಕ್ಕೂ ಮಿಕ್ಕಿ ಬಡಿಯುವ ಈ ಸ್ನಾಯು ದಿನಕ್ಕೆ ಸ್ವಲ್ಪ ಹೊತ್ತು ಜೋರಾಗಿ ದುಡಿದರೇ ಗಟ್ಟಿಯಾಗುವುದು.

ಆ ಸ್ವಲ್ಪ ಹೊತ್ತು ಎಷ್ಟು ಎಂಬುದನ್ನು ವಿಶ್ವ ಆರೋಗ್ಯ ಸಂಸ್ಥೆ 2020ರ ಮಾರ್ಗಸೂಚಿಯಲ್ಲಿ ಹೇಳಿದೆ. 5ರಿಂದ 17 ವರ್ಷದ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷ, ಉಸಿರು ಏರುವಂಥ ಚಟುವಟಿಕೆ. ವಾರದಲ್ಲಿ ಮೂರು ದಿನವಾದರೂ ಅದು ಮೈ ಬೆವರುವಷ್ಟು ಜೋರಾಗಿರಬೇಕು, ಎಲುಬು ಮತ್ತು ಸ್ನಾಯುಗಳಿಗೂ ಕೆಲಸ ಕೊಡಬೇಕು. ದಿನಕ್ಕೆ ಒಂದು ತಾಸು ಎಂದರೆ ವರ್ಷಕ್ಕೆ 365 ತಾಸು. ಒಂದರಿಂದ ಐದನೇ ಇಯತ್ತೆಯವರೆಗಿನ ಇಡೀ ವರ್ಷದ ಬೋಧನೆಗೆ ಕಾಯ್ದೆ ಕೇಳುವುದು 800 ತಾಸು. ಕನ್ನಡ, ಗಣಿತ, ಪರಿಸರ, ಇಂಗ್ಲಿಷ್ ಎಲ್ಲಕ್ಕೂ ಸೇರಿ 800 ಆದರೆ ಮೈಗೊಂದಕ್ಕೇ 365. ಪುಸ್ತಕದ ಹೊತ್ತಿನ ಅರ್ಧಕ್ಕೆ ತುಸುವೇ ಕಡಿಮೆ!

ಈಗ ಶಾಲೆ ಕೊಡುವುದೆಷ್ಟು? ವಾರಕ್ಕೆ 40 ನಿಮಿಷದ ಎರಡು ಆಟದ ಪಿರಿಯಡ್ಡು ಒಂದೂ ತಪ್ಪದೆ ನಡೆದವು, ವರ್ಷಕ್ಕೆ 40 ವಾರ ಸಿಕ್ಕವು ಎಂದು ಧಾರಾಳವಾಗಿ ಹಿಡಿದರೂ 53 ತಾಸು. ಸಾಲು ನಿಲ್ಲಿಸುವುದು, ಹಾಜರಿ, ತಂಡ ಹಂಚುವುದು ಕಳೆದು ಅರ್ಧ ಹೊತ್ತು ಮಗು ನಿಜವಾಗಿ ಓಡಾಡಿತು ಎಂದರೆ 27 ತಾಸು. ಬೇಕಾದದ್ದು 365. ಉಳಿದ 338 ತಾಸನ್ನು ಮಗು ಓಣಿಯಲ್ಲಿ, ಹೊಲದ ಬದುವಿನಲ್ಲಿ, ಗುಡಿಯ ಕಟ್ಟೆಯ ಸುತ್ತ, ಶಾಲೆಯ ದಾರಿಯಲ್ಲಿ ತಾನೇ ಹುಡುಕಿಕೊಳ್ಳಬೇಕು. ನಮ್ಮ ತಲೆಮಾರಿನವರಿಗೆ ಅದು ಕೇಳದೆಯೇ ಸಿಕ್ಕಿತ್ತು. ಲಗೋರಿ, ಚಿಣ್ಣಿದಾಂಡು, ಕುಂಟಬಿಲ್ಲೆ, ಮರಕೋತಿ, ಹುತುತು, ಬುಗುರಿ, ಯಾವ ಸುತ್ತೋಲೆಯೂ ಇಲ್ಲದೆ ದಿನಕ್ಕೆ ಎರಡು ತಾಸು. ಇಂದು ಅದೇ ಓಣಿಯಲ್ಲಿ ಮೋಟಾರ್ ಸೈಕಲ್ಲು, ಅದೇ ಕಟ್ಟೆಯ ಮೇಲೆ ಮೊಬೈಲು.

ಇನ್ನೂ ಒಂದು ಸಣ್ಣ ಲೆಕ್ಕ. 40 ಮಕ್ಕಳು, ಒಂದು ಚೆಂಡು, 40 ನಿಮಿಷ. ಪ್ರತಿ ಮಗುವಿನ ಕೈಗೆ ಚೆಂಡು ಸಿಗುವುದು ಒಂದು ನಿಮಿಷ. ವರ್ಷದ 80 ಪಿರಿಯಡ್ಡಿಗೆ 80 ನಿಮಿಷ. ‘ಪ್ರತಿ ತರಗತಿಗೂ ಅಗತ್ಯವಿರುವಷ್ಟು ಆಟದ ಸಾಮಗ್ರಿ’ ಎಂದು ಕಾಯ್ದೆಯ ಅನುಸೂಚಿ ಹೇಳುವಾಗ ಆ ‘ಅಗತ್ಯವಿರುವಷ್ಟು’ ಎಷ್ಟು ಎಂದು ಬಿಡಿಸಿ ಹೇಳಿಲ್ಲ. ಎರಡು ಚೆಂಡು ತಂದರೆ ಆ 80 ನಿಮಿಷ 160 ಆಗುತ್ತದೆ, ನಾಲ್ಕು ತಂದರೆ 320. ಇಷ್ಟು ಅಗ್ಗದಲ್ಲಿ ನಾಲ್ಕು ಪಟ್ಟು ಹೆಚ್ಚುವಂಥದ್ದು ಶಾಲೆಯಲ್ಲಿ ಇನ್ನೇನಿದೆ, ಹೇಳಿ.

ಅದೇ ಅನುಸೂಚಿಯಲ್ಲಿ ಇನ್ನೊಂದು ಅಂಕಿ ಅಡಗಿದೆ, 100. ಆರರಿಂದ ಎಂಟನೇ ತರಗತಿಯ ಹಂತದಲ್ಲಿ ದಾಖಲಾತಿ ನೂರಕ್ಕಿಂತ ಹೆಚ್ಚಿದ್ದರೆ ಮಾತ್ರ ಆರೋಗ್ಯ ಮತ್ತು ದೈಹಿಕ ಶಿಕ್ಷಣಕ್ಕೆ ಅರೆಕಾಲಿಕ ಬೋಧಕರು ಇರಬೇಕು ಎನ್ನುತ್ತದೆ ಅದು. ಒಂದರಿಂದ ಐದರವರೆಗೆ ಅಂಥ ಮಾತೇ ಇಲ್ಲ. 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು, ಅಷ್ಟೇ. ಈ ನಾಲ್ಕು ತಾಲ್ಲೂಕುಗಳ ಭೂಗೋಳ ಬಲ್ಲವರಿಗೆ ಇದರ ಅರ್ಥ ಕೂಡಲೇ ಹೊಳೆಯುತ್ತದೆ. ಈಗ ಇವು ನಾಲ್ಕಾಗಿಯೂ ಉಳಿದಿಲ್ಲ. ಚಡಚಣ, ದೇವರ ಹಿಪ್ಪರಗಿ, ಆಲಮೇಲ, ತಾಳಿಕೋಟಿ, ನಿಡಗುಂದಿ, ಕೊಲ್ಹಾರ ಬೇರೆಯಾಗಿ ಹತ್ತಾಗಿವೆ. ಭೀಮೆಯ ದಂಡೆ, ಡೋಣಿಯ ಎರೆ ಭೂಮಿ, ಕೃಷ್ಣೆಯ ಹಿನ್ನೀರು. ನಡುನಡುವೆ ತಾಂಡಾಗಳು, ತೋಟದ ವಸ್ತಿಗಳು. ಅಲ್ಲಿನ ಶಾಲೆಯಲ್ಲಿ ಇಬ್ಬರು ಮಾಸ್ತರರು, ಐದು ಇಯತ್ತೆ. ಒಂದರಿಂದ ಮೂರು ನಲಿ-ಕಲಿ ಕೋಣೆಯಲ್ಲಿ ಒಟ್ಟಿಗೆ, ನಾಲ್ಕು ಐದು ಇನ್ನೊಂದು ಕೋಣೆಯಲ್ಲಿ. ಬಿಸಿಯೂಟ, ಹಾಲು, ಮೊಟ್ಟೆ, ದಾಖಲೆ, ಆನ್‌ಲೈನ್ ಮಾಹಿತಿ ಎಲ್ಲವೂ ಆ ಇಬ್ಬರ ತಲೆಯ ಮೇಲೆ. ಅಲ್ಲಿಗೆ ಪಿ.ಟಿ. ಮಾಸ್ತರರು ಬರುವುದು ಲೆಕ್ಕದ ಪ್ರಕಾರವೇ ಸಾಧ್ಯವಿಲ್ಲ. ದೈಹಿಕ ಶಿಕ್ಷಣ ಶಿಕ್ಷಕರು ತಮ್ಮ ವಿಷಯದ ಕುರಿತ ಪ್ರೊ. ಎಲ್.ಆರ್. ವೈದ್ಯನಾಥನ್ ವರದಿ ಜಾರಿಯಾಗಲಿ ಎಂದು ವರ್ಷಗಟ್ಟಲೆ ಕೂಗುತ್ತಾ ಬಂದಿದ್ದಾರೆ. ಆ ಕೂಗು ನ್ಯಾಯವಾದದ್ದು. ಆದರೆ ಎಳೆಯ ಮೈಗಳು ಇರುವುದು ಒಂದರಿಂದ ಐದರವರೆಗಿನ ಸಣ್ಣ ಶಾಲೆಗಳಲ್ಲಿ, ಅವಕ್ಕಾಗಿ ಕೂಗುವವರೇ ಇಲ್ಲ.

ಜಾಗವೇ ಇಲ್ಲ ಎಂಬ ಮಾತು ಆಗಾಗ ಕಿವಿಗೆ ಬೀಳುತ್ತದೆ. ಪೇಟೆಯ ಒಳಗಿನ ಶಾಲೆಗಳಿಗೆ ಅದು ನಿಜ. ಉಳಿದ ಕಡೆ ಅಳೆದು ನೋಡಬೇಕು. ವಿಜಯಪುರ ಜಿಲ್ಲೆಯ ವಿಸ್ತೀರ್ಣ ಸುಮಾರು 10,500 ಚದರ ಕಿ.ಮೀ., ಎಂದರೆ ಹತ್ತಿರಹತ್ತಿರ 26 ಲಕ್ಷ ಎಕರೆ. ಗುಂಟೆಯಲ್ಲಿ ಹೇಳಿದರೆ ಹತ್ತು ಕೋಟಿಗೂ ಹೆಚ್ಚು. 2011ರ ಜನಗಣತಿಯಲ್ಲಿ ಜಿಲ್ಲೆಯ ಜನ 21,77,331. ತಲೆಗೆ ಒಂದು ಎಕರೆಗಿಂತ ಹೆಚ್ಚು ನೆಲ ಬರುತ್ತದೆ. ಹೆಣ್ಣುಮಕ್ಕಳ ಕಬಡ್ಡಿ ಅಂಕಣ 12 ಮೀಟರ್ ಉದ್ದ, 8 ಮೀಟರ್ ಅಗಲ. 96 ಚದರ ಮೀಟರ್. ಒಂದು ಗುಂಟೆ ಎಂದರೆ 101 ಚದರ ಮೀಟರ್. ಒಂದು ಇಡೀ ಆಟ, ಎರಡು ತಂಡ, ಹದಿನಾಲ್ಕು ಹುಡುಗಿಯರು, ಎಲ್ಲ ಸೇರಿ ಒಂದು ಗುಂಟೆಯೊಳಗೆ ಹಿಡಿಯುತ್ತಾರೆ, ಮೇಲೆ ಐದು ಚದರ ಮೀಟರ್ ಉಳಿಯುತ್ತದೆ. ಖೊ-ಖೊ ಅಂಕಣಕ್ಕೆ 27 ಮೀಟರ್ ಉದ್ದ, 16 ಮೀಟರ್ ಅಗಲ, ನಾಲ್ಕೂಕಾಲು ಗುಂಟೆ. ಗೋಳಗುಮ್ಮಟದ ಒಳಗೆ ನಿಂತು ತಲೆಯೆತ್ತಿ ನೋಡದವರು ಈ ಜಿಲ್ಲೆಯಲ್ಲಿ ಅಪರೂಪ. ಅದರ ಒಳನೆಲ ಸುಮಾರು 1,700 ಚದರ ಮೀಟರ್, ಹದಿನೇಳು ಗುಂಟೆಯೂ ಪೂರ್ತಿ ಆಗುವುದಿಲ್ಲ. ಬರೀ ವಿಸ್ತೀರ್ಣದ ಲೆಕ್ಕದಲ್ಲಿ ಅದು ಹದಿನೇಳು ಕಬಡ್ಡಿ ಅಂಕಣಗಳಷ್ಟು ನೆಲ, ಏಕಕಾಲಕ್ಕೆ 238 ಹುಡುಗಿಯರು ಆಡುವಷ್ಟು. ಅದೇ ವಿಜಯಪುರದಲ್ಲಿ 1963ರಿಂದ ಇರುವ ಸೈನಿಕ ಶಾಲೆಯ ಆವರಣ ಸುಮಾರು 400 ಎಕರೆ. ಆ ಮಕ್ಕಳ ಮೈಕಟ್ಟನ್ನು ನೋಡಿ ಮೆಚ್ಚುವವರು ಅವರ ಕಾಲಡಿಯ ನೆಲದ ಲೆಕ್ಕವನ್ನೂ ಹಾಕಬೇಕು. ವಸ್ತಿ ಶಾಲೆಗೆ 400 ಎಕರೆ ಯಾರೂ ಕೇಳುತ್ತಿಲ್ಲ. ಕಲ್ಲು ಆಯ್ದು, ಜಾಲಿ ಮುಳ್ಳು ತೆಗೆದು, ಎರೆ ಮಣ್ಣಿನ ಬಿರುಕು ಮುಚ್ಚುವಂತೆ ಮೇಲೆ ಒಂದಿಷ್ಟು ಗರಸು ಹಾಕಿ ಸಮ ಮಾಡಿದ ಐದು ಗುಂಟೆ ಸಾಕು.

ಖೊ-ಖೊ ಅಂಕಣದ ಆ ನಾಲ್ಕೂಕಾಲು ಗುಂಟೆಯಲ್ಲಿ ನಡೆಯುವುದೇನು ಎಂಬುದನ್ನು ಹತ್ತಿರದಿಂದ ನೋಡಬೇಕು. ಎಂಟು ಮಕ್ಕಳು ಒಂದೇ ಸಾಲಿನಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದಾರೆ. ಒಬ್ಬಳ ಮುಖ ಪೂರ್ವಕ್ಕೆ, ಪಕ್ಕದವಳದು ಪಶ್ಚಿಮಕ್ಕೆ. ಬೆರಳ ತುದಿಗಳು ನೆಲಕ್ಕೆ ತಾಗಿವೆ, ಹಿಮ್ಮಡಿ ಎದ್ದಿದೆ, ಕತ್ತು ಮಾತ್ರ ಓಡುವವಳ ಜೊತೆ ತಿರುಗುತ್ತಿದೆ. ಬೆನ್ನಿಗೆ ಅಂಗೈ ತಾಗಿ ‘ಖೊ’ ಎಂಬ ಸದ್ದು ಬಿದ್ದ ಕೂಡಲೇ ಕೂತವಳು ಚಿಮ್ಮಬೇಕು. ಯಾವ ಕಡೆಗೆ ತಿರುಗಬೇಕು ಎಂದು ಒಂದು ಸಲ ನಿರ್ಧಾರವಾದರೆ ಹಿಂದೆ ತಿರುಗುವಂತಿಲ್ಲ, ಕಂಬ ಸುತ್ತಿಯೇ ದಿಕ್ಕು ಬದಲಿಸಬೇಕು. ಒಂಬತ್ತು ನಿಮಿಷದ ಒಂದು ಸರದಿಯಲ್ಲಿ ಒಬ್ಬೊಬ್ಬಳು ಕೂತು, ಚಿಮ್ಮಿ, ಓಡಿ, ಮತ್ತೆ ಕೂರುವುದು ಹಲವು ಸಲ. ತೊಡೆಯ ದೊಡ್ಡ ಸ್ನಾಯುಗಳಿಗೆ ಇದಕ್ಕಿಂತ ಒಳ್ಳೆಯ ಕೆಲಸ ಯಾವ ಜಿಮ್ಮಿನಲ್ಲೂ ಸಿಗುವುದಿಲ್ಲ. ಇದಕ್ಕೆ ಬೇಕಾದ ಸಾಮಗ್ರಿ ಎರಡು ಕಂಬ, ಅಷ್ಟೇ. ಚೆಂಡೂ ಬೇಡ, ಬ್ಯಾಟೂ ಬೇಡ. 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೊ-ಖೊ ವಿಶ್ವಕಪ್ ನಡೆದಾಗ ಭಾರತದ ಹೆಣ್ಣುಮಕ್ಕಳು ಫೈನಲ್‌ನಲ್ಲಿ ನೇಪಾಳವನ್ನು 78–40ರಿಂದ ಸೋಲಿಸಿದರು. ಆ ತಂಡದಲ್ಲಿ ಮೈಸೂರು ಜಿಲ್ಲೆಯ ಕುರುಬೂರಿನ ಬಿ. ಚೈತ್ರಾ ಇದ್ದರು. ಹಳ್ಳಿಯ ನೆಲದಿಂದ ವಿಶ್ವಕಪ್ಪಿಗೆ ಹೋದ ಆಟ ಇದು.

ಹೆಣ್ಣುಮಕ್ಕಳ ವಿಷಯದಲ್ಲಿ ಅಂಕಿಗಳು ನನ್ನನ್ನು ನಿಜಕ್ಕೂ ಕಂಗೆಡಿಸುತ್ತವೆ. 146 ದೇಶಗಳ 16 ಲಕ್ಷ ಶಾಲಾ ಮಕ್ಕಳ ಮಾಹಿತಿ ಸೇರಿಸಿ 2019ರಲ್ಲಿ ಲ್ಯಾನ್ಸೆಟ್ ಬಳಗದ ಪತ್ರಿಕೆಯೊಂದರಲ್ಲಿ ಒಂದು ಅಧ್ಯಯನ ಬಂತು. 11ರಿಂದ 17 ವರ್ಷದ ಮಕ್ಕಳಲ್ಲಿ ಶೇ 81ರಷ್ಟು ಮಂದಿ ದಿನಕ್ಕೆ ಒಂದು ತಾಸೂ ಮೈ ಆಡಿಸುತ್ತಿಲ್ಲ ಎಂದಿತು. ದಕ್ಷಿಣ ಕೊರಿಯಾದಲ್ಲಿ ಶೇ 94, ಬಾಂಗ್ಲಾದೇಶದಲ್ಲಿ ಶೇ 66, ಭಾರತದಲ್ಲಿ ಸುಮಾರು ಶೇ 74. ನಮ್ಮದು ಜಗತ್ತಿನ ಸರಾಸರಿಗಿಂತ ಉತ್ತಮ ಎಂದು ಸಮಾಧಾನ ಪಡುವ ಮುನ್ನ ಸಂಶೋಧಕರು ಕೊಟ್ಟ ಕಾರಣ ಓದಬೇಕು. ಭಾರತ, ಬಾಂಗ್ಲಾದಲ್ಲಿ ಹುಡುಗರಿಗೆ ಕ್ರಿಕೆಟ್ ಇದೆ, ಹುಡುಗಿಯರಿಗೆ ಮನೆಗೆಲಸವಿದೆ, ಅದರಿಂದಲೇ ಇರಬಹುದು ಎಂದರು ಅವರು. ಸಿಂದಗಿಯ ಬದಿಯ ಹಳ್ಳಿಯಲ್ಲಿ ಹತ್ತು ವರ್ಷದ ಹುಡುಗಿ ನಡುವಿನ ಮೇಲೆ ಹತ್ತು ಲೀಟರಿನ ಕೊಡ ಇಟ್ಟುಕೊಂಡು ಬರುವುದನ್ನು ಕಂಡವರಿಗೆ ಈ ಮಾತು ಚುಚ್ಚುತ್ತದೆ. ಅವಳ ತೂಕದ ಮೂರರಲ್ಲೊಂದು ಪಾಲು ಆ ಕೊಡವೇ ಇರುತ್ತದೆ. ಅವಳ ಅಣ್ಣ ಬಯಲಿನಲ್ಲಿ ಬೌಲಿಂಗ್ ಮಾಡುತ್ತಿರುತ್ತಾನೆ. ಇಬ್ಬರೂ ‘ಚಟುವಟಿಕೆಯಲ್ಲಿ ತೊಡಗಿದವರು’ ಎಂದು ಒಂದೇ ಪಟ್ಟಿಗೆ ಸೇರುತ್ತಾರೆ. ಹೊರೆ ಹೊರುವುದನ್ನು ಆಟದ ಲೆಕ್ಕಕ್ಕೆ ಹಿಡಿಯುವುದನ್ನು ನಾನಂತೂ ಒಪ್ಪಲಾರೆ.

ಇನ್ನು ಎಲುಬಿನ ಲೆಕ್ಕ. ಮನುಷ್ಯ ದೊಡ್ಡವನಾದಾಗ ಅವನ ಎಲುಬುಗಳಲ್ಲಿ ಇರುವ ಖನಿಜದ ಕಾಲು ಭಾಗ, ಸುಮಾರು ಶೇ 26, ಬೆಳವಣಿಗೆಯ ಭರದ ಎರಡೇ ವರ್ಷಗಳಲ್ಲಿ ಸೇರಿಕೊಳ್ಳುತ್ತದೆ. ಹೆಣ್ಣುಮಕ್ಕಳಲ್ಲಿ ಆ ಭರ ಹನ್ನೆರಡೂವರೆ ವರ್ಷದ ಆಸುಪಾಸು, ಅಂದರೆ ಆರು, ಏಳು, ಎಂಟನೇ ಇಯತ್ತೆ. ಎಲುಬಿಗೆ ಖನಿಜ ಸೇರಲು ಊಟವೂ ಬೇಕು, ಮೇಲಿನಿಂದ ಪೆಟ್ಟೂ ಬೇಕು. ಓಡುವಾಗ ಪ್ರತಿ ಹೆಜ್ಜೆಗೂ ಕಾಲಿನ ಮೇಲೆ ಮೈತೂಕದ ಎರಡು ಮೂರು ಪಟ್ಟು ಭಾರ ಬೀಳುತ್ತದೆ, ಕುಂಟಬಿಲ್ಲೆಯಲ್ಲಿ ಆ ಭಾರವನ್ನೆಲ್ಲ ಒಂದೇ ಕಾಲು ಹೊರುತ್ತದೆ. ಸರಿಯಾಗಿ ಈ ಎರಡು ವರ್ಷಗಳಲ್ಲೇ ನಮ್ಮ ಊರುಗಳಲ್ಲಿ ಹುಡುಗಿಗೆ ‘ದೊಡ್ಡಾಕಿ ಆಗೀದಿ, ಸಾಕು ಜಿಗಿದಾಡೂದು’ ಎಂದು ಹೇಳಿ ಅಂಗಳದೊಳಗೆ ಕರೆದುಕೊಳ್ಳುತ್ತಾರೆ. ಜೀವಮಾನಕ್ಕೆ ಒಮ್ಮೆ ತೆರೆಯುವ ಖಜಾನೆಯ ಬಾಗಿಲು ಮುಚ್ಚುವುದು ಹೀಗೆ. ಮುಂದಿನದು ಗೊತ್ತೇ ಇದೆ. 2022ರ ಅಂದಾಜಿನಂತೆ ಭಾರತದ ವಯಸ್ಕರಲ್ಲಿ ಶೇ 49ರಷ್ಟು ಜನ ಸಾಕಷ್ಟು ಮೈ ಆಡಿಸುವುದಿಲ್ಲ. ಗಂಡಸರಲ್ಲಿ ಶೇ 42, ಹೆಂಗಸರಲ್ಲಿ ಶೇ 57. 2000ದಲ್ಲಿ ಒಟ್ಟಾರೆ ಶೇ 22 ಇತ್ತು. ಇಪ್ಪತ್ತೆರಡು ವರ್ಷಗಳಲ್ಲಿ ಎರಡು ಪಟ್ಟಿಗಿಂತ ಹೆಚ್ಚು.

‘ಆಟ ಹೊಟ್ಟಿಗಿ ಹಿಟ್ಟು ಹಾಕತೈತೇನು?’ ಎಂದು ಕೇಳುವ ತಂದೆಯ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಕಬ್ಬು ಕಡಿಯಲು, ಕಟ್ಟಡ ಕೆಲಸಕ್ಕೆ ಮಹಾರಾಷ್ಟ್ರ, ಗೋವೆಗೆ ಗುಳೆ ಹೋಗುವ ಮನೆಗಳ ಮಕ್ಕಳು ಇವರು. ಹಸಿದ ಮಗುವನ್ನು ಓಡಿಸುವುದು ಶಿಕ್ಷಣವಲ್ಲ. ಅದಕ್ಕೂ ಲೆಕ್ಕ ಇದೆ. 25 ಕಿಲೋ ತೂಕದ ಮಗು ಒಂದು ತಾಸು ಜೋರಾಗಿ ಆಡಿದರೆ ಖರ್ಚಾಗುವುದು ಸುಮಾರು 150 ಕಿಲೋ ಕ್ಯಾಲರಿ. ಅದು ಒಂದು ಜೋಳದ ರೊಟ್ಟಿ. ಏಳರಿಂದ ಒಂಬತ್ತು ವರ್ಷದ ಮಗುವಿಗೆ ದಿನಕ್ಕೆ ಬೇಕಾದದ್ದು ಸುಮಾರು 1,700 ಕಿಲೋ ಕ್ಯಾಲರಿ. ಶಾಲೆಯ ಬಿಸಿಯೂಟ ಕಿರಿಯ ಪ್ರಾಥಮಿಕದಲ್ಲಿ 450, ಹಿರಿಯ ಪ್ರಾಥಮಿಕದಲ್ಲಿ 700 ಕೊಡಬೇಕು ಎಂಬುದು ನಿಯಮ. 2002ರಲ್ಲಿ ಅಕ್ಷರ ದಾಸೋಹ ಮೊದಲು ಶುರುವಾದ ಏಳು ಜಿಲ್ಲೆಗಳಲ್ಲಿ ನಮ್ಮದೂ ಒಂದು. 2013ರಿಂದ 150 ಮಿಲಿಲೀಟರ್ ಹಾಲು, 2021ರ ಡಿಸೆಂಬರಿನಿಂದ ಮೊಟ್ಟೆ. ಒಂದು ತಾಸಿನ ಆಟಕ್ಕೆ ಬೇಕಾದ ಆ ಒಂದು ರೊಟ್ಟಿ ಈಗ ಮಗುವಿನ ತಟ್ಟೆಯಲ್ಲಿ ಇದೆ. ಊಟ ಮುಟ್ಟಿಸುವ ದೊಡ್ಡ ಕೆಲಸವನ್ನು ಸರ್ಕಾರ, ಅಡುಗೆಯ ತಾಯಂದಿರು ಮಾಡಿದ್ದಾರೆ. ಆ ಊಟ ಎಲುಬಾಗಿ, ಸ್ನಾಯುವಾಗಿ ಮಾರ್ಪಡುವ ಕೆಲಸ ಬಾಕಿ ಇದೆ. ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 35 ಮಂದಿ ವಯಸ್ಸಿಗೆ ತಕ್ಕ ಎತ್ತರವಿಲ್ಲದವರು ಎಂದು ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳಿದೆ. ಇನ್ನೊಂದು ಕಡೆ, ದೇಶದಲ್ಲಿ 5ರಿಂದ 19 ವರ್ಷದ ಬೊಜ್ಜಿನ ಮಕ್ಕಳು 1990ರಲ್ಲಿ ಸುಮಾರು 4 ಲಕ್ಷ ಇದ್ದವರು 2022ಕ್ಕೆ 1 ಕೋಟಿ 25 ಲಕ್ಷ. ಒಂದೇ ದೇಶ, ಒಂದೇ ತಲೆಮಾರು.

ಕಣ್ಣಿನದನ್ನೂ ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ತರಗತಿ ಕೋಣೆಯ ಬೆಳಕು 300ರಿಂದ 500 ಲಕ್ಸ್. ಹೊರಗೆ ಬಿಸಿಲಲ್ಲಿ ಒಂದು ಲಕ್ಷ ಲಕ್ಸ್, ಬೇವಿನ ನೆರಳಲ್ಲೂ ಸಾವಿರಗಟ್ಟಲೆ. ಚೀನಾದ ಗುವಾಂಗ್‌ಝೌ ನಗರದ 12 ಶಾಲೆಗಳ ಸುಮಾರು 1,900 ಒಂದನೇ ತರಗತಿ ಮಕ್ಕಳಲ್ಲಿ ಅರ್ಧ ಶಾಲೆಗಳವರನ್ನು ದಿನಕ್ಕೆ 40 ನಿಮಿಷ ಹೆಚ್ಚಾಗಿ ಹೊರಗೆ ಬಿಟ್ಟು ನೋಡಿದರು. ಮೂರು ವರ್ಷದ ಬಳಿಕ ಹೊರಗೆ ಬಿಟ್ಟವರಲ್ಲಿ ಶೇ 30 ಮಂದಿಗೆ ಸಮೀಪದೃಷ್ಟಿ ಬಂದಿತ್ತು, ಬಿಡದವರಲ್ಲಿ ಶೇ 39.5. 2015ರಲ್ಲಿ ಪ್ರಕಟವಾದ ಈ ಪ್ರಯೋಗದಲ್ಲಿ ಔಷಧಿಯೂ ಇರಲಿಲ್ಲ, ಕನ್ನಡಕವೂ ಇರಲಿಲ್ಲ. ಇದ್ದದ್ದು ಬಯಲು.

ಕ್ರೀಡಾಕೂಟದ ಲೆಕ್ಕ ಕೇಳಿದರೆ ಶಿಕ್ಷಕ ಮಿತ್ರರಿಗೆ ಬೇಸರವಾಗಬಹುದು, ಆದರೂ ಹೇಳಬೇಕು. ಕ್ಲಸ್ಟರ್, ತಾಲ್ಲೂಕು, ಜಿಲ್ಲೆ, ವಿಭಾಗ, ರಾಜ್ಯ, ಹೀಗೆ ಐದು ಮೆಟ್ಟಿಲು. ಪ್ರತಿ ಓಟದಲ್ಲಿ ಎಂಟು ಮಂದಿ, ಗೆದ್ದ ಒಬ್ಬರು ಮುಂದಿನ ಮೆಟ್ಟಿಲಿಗೆ ಎಂದು ಸರಳವಾಗಿ ಹಿಡಿದರೆ ತುದಿಯಲ್ಲಿ ಒಬ್ಬ ಚಾಂಪಿಯನ್ ನಿಲ್ಲಲು ಬುಡದಲ್ಲಿ 32,768 ಮಕ್ಕಳು ಓಡಬೇಕು. ಮೊದಲ ಸುತ್ತಿನಲ್ಲೇ ಸೋತವರು 28,672. ನೂರು ಮೀಟರ್ ಓಡಲು ಆ ಮಗುವಿಗೆ ಹದಿನಾರು ಸೆಕೆಂಡು ಹಿಡಿಯುತ್ತದೆ. ಅಲ್ಲಿಗೆ ಅದರ ಆ ವರ್ಷದ ಕ್ರೀಡಾಕೂಟ ಮುಗಿಯಿತು. ವಿಜಯಪುರ ಸೈಕಲ್ ಪಟುಗಳಿಗೆ ಹೆಸರಾದ ಜಿಲ್ಲೆ, ಇಲ್ಲಿನ ಹುಡುಗ ಹುಡುಗಿಯರು ರಾಷ್ಟ್ರಮಟ್ಟದಲ್ಲಿ ಪದಕ ತಂದಾಗ ನನ್ನ ಎದೆಯೂ ಉಬ್ಬುತ್ತದೆ. ಆದರೆ ಪ್ರಾಥಮಿಕ ಶಾಲೆಯ ದೈಹಿಕ ಶಿಕ್ಷಣವನ್ನು ಪದಕದಿಂದ ಅಳೆಯತೊಡಗಿದರೆ ಹದಿನಾರು ಸೆಕೆಂಡಿಗೆ ಮನೆಗೆ ಹೋದ ಆ 28,672 ಮೈಗಳು ಯಾರ ಲೆಕ್ಕಕ್ಕೂ ಬರುವುದಿಲ್ಲ.

ಅವರಿಗೆ ಏನು ಕೊಡಬಹುದು? ಸ್ಕಾಟ್ಲೆಂಡಿನ ಸ್ಟರ್ಲಿಂಗ್‌ನ ಒಂದು ಪ್ರಾಥಮಿಕ ಶಾಲೆಯಲ್ಲಿ ಎಲೇನ್ ವೈಲಿ ಎಂಬ ಮುಖ್ಯಶಿಕ್ಷಕಿ 2012ರಲ್ಲಿ ಮಕ್ಕಳನ್ನು ದಿನಾ ಹದಿನೈದು ನಿಮಿಷ ಹೊರಗೆ ಓಡಲು ಬಿಟ್ಟರು. ಸ್ಪರ್ಧೆ ಇಲ್ಲ, ಬಟ್ಟೆ ಬದಲಿಸಬೇಕಿಲ್ಲ, ಸಾಕಾದರೆ ನಡೆಯಬಹುದು. ಸುಮಾರು ಒಂದು ಮೈಲಿ. ಅಷ್ಟೇ ದೂರವನ್ನು ನಮ್ಮ 200 ಶಾಲಾ ದಿನಕ್ಕೆ ಹಚ್ಚಿದರೆ ವರ್ಷಕ್ಕೆ 320 ಕಿ.ಮೀ. ಈ ತಾಲ್ಲೂಕುಗಳಲ್ಲಿ ಒಂದು ಲಕ್ಷ ಮಕ್ಕಳು ದಿನಕ್ಕೆ ಹದಿನೈದು ನಿಮಿಷ ಹೀಗೆ ಮೈ ಬಿಸಿ ಮಾಡಿದರು ಎಂದರೆ ದಿನಕ್ಕೆ 25,000 ತಾಸು, ವರ್ಷಕ್ಕೆ 50 ಲಕ್ಷ ತಾಸು. ಇದಕ್ಕೆ ಪಿ.ಟಿ. ಮಾಸ್ತರರ ಹುದ್ದೆ ಮಂಜೂರಾಗುವವರೆಗೆ ಕಾಯಬೇಕಿಲ್ಲ. ಬೆಳಗಿನ ಪ್ರಾರ್ಥನೆ ಮುಗಿದ ಕೂಡಲೇ, ಬಿಸಿಲು ಏರುವ ಮುನ್ನ, ಒಂದನೇ ಇಯತ್ತೆಯ ಪುಟ್ಟವರಿಂದ ಹಿಡಿದು ಎಲ್ಲರೂ. ಏಪ್ರಿಲ್‌ನಲ್ಲಿ 40 ಡಿಗ್ರಿ ದಾಟುವ ಸೀಮೆ ಇದು, ಮಧ್ಯಾಹ್ನ ಮೂರಕ್ಕೆ ಆಟದ ಪಿರಿಯಡ್ಡು ಇಟ್ಟು ಮಕ್ಕಳು ಬರುವುದಿಲ್ಲ ಎಂದು ದೂರುವುದರಲ್ಲಿ ಅರ್ಥವಿಲ್ಲ. ಹಳೇ ಮುಂಬೈ ಪ್ರಾಂತ್ಯದ ಕಾಲದ ಲೇಜಿಮ್ ನಮ್ಮ ಕೆಲವು ಶಾಲೆಗಳ ಕೋಣೆಯ ಮೂಲೆಯಲ್ಲಿ ಇನ್ನೂ ಇದೆ. ಆ ತುಕ್ಕು ಹಿಡಿದ ಬಿಲ್ಲೆಗಳನ್ನು ಒರೆಸಿ ಹೊರಗೆ ತಂದರೆ ಹದಿನೈದು ನಿಮಿಷ ಹೋದದ್ದೇ ಗೊತ್ತಾಗುವುದಿಲ್ಲ, ನಾಲ್ಕು ಹೆಜ್ಜೆ ಮುಂದೆ, ಬಾಗಿ ಎದ್ದು ನಾಲ್ಕು ಹೆಜ್ಜೆ ಹಿಂದೆ, ಇಡೀ ಮೈ ಒಂದೇ ತಾಳಕ್ಕೆ.

ನಾಗರ ಪಂಚಮಿ ಬಂದರೆ ಯಾರ ಆದೇಶವೂ ಇಲ್ಲದೆ ಇದೇ ಕೆಲಸ ಮರದ ಕೊಂಬೆಗೆ ಏರುತ್ತದೆ. ನಾಲ್ಕು ಮೀಟರ್ ಹಗ್ಗದ ಜೋಕಾಲಿ ಒಮ್ಮೆ ಹೋಗಿ ಬರಲು ಹಿಡಿಯುವುದು ನಾಲ್ಕು ಸೆಕೆಂಡಿಗೆ ತುಸು ಹೆಚ್ಚು. 60 ಡಿಗ್ರಿವರೆಗೆ ಜೀಕಿದ ಹುಡುಗಿ ಕೆಳಗೆ ಬರುವಾಗ ಅವಳ ಭಾರ ಎರಡು ಪಟ್ಟಾಗುತ್ತದೆ, 20 ಕಿಲೋದವಳು ಆ ಗಳಿಗೆ 40 ಕಿಲೋ. ಆ ಭಾರವನ್ನು ಅವಳು ನಿಂತ ಕಾಲಲ್ಲಿ, ಹಗ್ಗ ಹಿಡಿದ ಮುಷ್ಟಿಯಲ್ಲಿ, ಬಿಗಿದ ಹೊಟ್ಟೆಯಲ್ಲಿ ತಡೆಯುತ್ತಾಳೆ. ಹತ್ತು ನಿಮಿಷದಲ್ಲಿ ಹೀಗೆ ಕೆಳಗಿನ ಬಿಂದು ದಾಟುವುದು ಸುಮಾರು 280 ಸಲ. ದೊಡ್ಡಾಕಿ ಆದಳು ಎಂದು ಅಂಗಳಕ್ಕೆ ಕರೆದುಕೊಂಡವರೇ ಅಂದು ಅವಳನ್ನು ಜೀಕುತ್ತಾರೆ, ನೆಂಟರ ಮನೆಯ ಸೊಸೆಯಂದಿರೂ ಸೀರೆ ಬಿಗಿದು ಹತ್ತುತ್ತಾರೆ. ಊರಿಗೆ ಊರೇ ಒಪ್ಪಿದ ಈ ಸಲುಗೆ ವರ್ಷಕ್ಕೆ ನಾಲ್ಕೈದು ದಿನಕ್ಕೇ ಮುಗಿಯಬೇಕು ಎಂದು ಯಾವ ಶಾಸ್ತ್ರದಲ್ಲಿದೆ?

ಬೇಸಿಗೆ ರಜೆ ಮುಗಿದು ಶಾಲೆ ತೆರೆಯುವ ವಾರ ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಸಭೆ ಕರೆದರೆ ಮಾಡಬೇಕಾದ ಮೊದಲ ಕೆಲಸವನ್ನು ನಾನು ಅಳೆದಿಟ್ಟಿದ್ದೇನೆ. ಹೆಣ್ಣುಮಕ್ಕಳ ಕಬಡ್ಡಿ ಅಂಕಣದ ಹೊರಗೆರೆ 40 ಮೀಟರ್, ಎರಡು ಲಾಬಿ ಗೆರೆ 24, ನಡುಗೆರೆ 8, ಒಳಗಿನ ನಾಲ್ಕು ಅಡ್ಡಗೆರೆ ಸೇರಿದರೆ ಒಟ್ಟು ನೂರು ಮೀಟರಿನ ಆಸುಪಾಸು ಸುಣ್ಣ. ಏಳನೇ ಇಯತ್ತೆಯ ಇಬ್ಬರು ಹುಡುಗಿಯರು ಹಗ್ಗದ ಎರಡು ತುದಿ ಹಿಡಿದು ನಿಂತರೆ, ಮೂರನೆಯವಳು ಸುಣ್ಣದ ಡಬ್ಬಿ ಹಿಡಿದರೆ, ಬೆಳಗಿನ ಪ್ರಾರ್ಥನೆಯ ಗಂಟೆ ಹೊಡೆಯುವುದರೊಳಗೆ ಆಗುತ್ತದೆ.